ಹತ್ತೊಂಬತ್ತನೇ ವೊವಿ

ಜನವರಿ 20, ಮಂಗಳವಾರ

ಬರೆಯಬೇಕಂತೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೆ ಕಾಪಿ ಬರೆಯುವ ಶಿಕ್ಷೆ. ಈ ಶಿಕ್ಷೆಗೆ ಹೆದರಿಯೇ ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಬೀಡಿ ಕಟ್ಟಲು ಹೋದವಳು ನಾನು. ಈಗ ಸೊಸೆ ಜೂಲಿಯೆಟ್ ಸಹಕಾರಿ ಬ್ಯಾಂಕಿನವರು ಕೊಟ್ಟ ಡೈರಿಯನ್ನು ತಂದು ಮಡಿಲಿಗೆ ಹಾಕಿದ್ದಾಳೆ. ಅದೂ ಹೋದ ವರ್ಷದ್ದು. ತಾರೀಕನ್ನು ನಾನೇ ಹೊಡೆದು ಹಾಕಿ ಬರೆದುಕೊಳ್ಳಬೇಕು.

ಶುಕ್ರವಾರ ಮಂಗಳೂರಿನಲ್ಲಿ ಗಂಟಲಿನ ಗಂಟು ತೆಗೆದರು. ಕೆಟ್ಟ ಗಂಟಲ್ಲವಂತೆ. ಹಾಡಿ ಹಾಡಿ, ಬೈದು ಬೈದು ಬಂದದ್ದಂತೆ. ಮೂವತ್ತನೇ ತಾರೀಕಿನವರೆಗೆ ಒಂದು ಶಬ್ದವೂ ಹೊರಗೆ ಬರಬಾರದು. ಪಿಸುಗುಟ್ಟುವುದು ಇನ್ನೂ ಅಪಾಯವಂತೆ. ಹಾಡುವುದು ಮಾರ್ಚ್ ಕಳೆಯುವವರೆಗೆ ಇಲ್ಲ. ಡಾಕ್ಟರು ನನ್ನ ಮಗನಿಗಿಂತ ಚಿಕ್ಕವನು. "ಸಿಟ್ಟು ಬಂದರೆ ಬರೆದು ಬಿಡಿ ಅಮ್ಮ" ಎಂದ. ನನಗೆ ಬರುವ ಸಿಟ್ಟಿಗೆ ಈ ಡೈರಿ ಸಾಲುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು.

ಎಂತ ಹಾಡುತ್ತೀರಿ ಎಂದೂ ಕೇಳಿದ. ಸ್ಲೇಟಿನಲ್ಲಿ ಬರೆದು ತೋರಿಸಿದೆ. ನಮ್ಮ ಕ್ರಿಸ್ತುವರ ಮದುವೆಯ ಮುನ್ನಾ ದಿನ ರೋಸ್, ಎಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು. ನೆಂಟರು ಒಬ್ಬೊಬ್ಬರಾಗಿ ಬಂದು ಹಚ್ಚುವಾಗ ಅವರವರ ಹೆಸರು ಹಿಡಿದು ಹಾಡುವುದು ವೊವಿಯೊ, ಒಂದಾದರೆ ವೊವಿ. ಒಬ್ಬಳು ಕಟ್ಟಿ ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಆ ಒಬ್ಬಳು ನಾನು. ಪೈವಳಿಕೆಯಿಂದ ಕುಂಬಳೆಯವರೆಗೆ ನಲವತ್ತು ವರ್ಷ. ಗಂಡ ತೀರಿದ ಮೇಲೆ ವಿಧವೆ ಹಾಡಬಾರದು ಎಂದು ಕೆಲವು ಮುದುಕಿಯರು ಗೊಣಗಿದರು. ಬೇರೆ ಯಾರಿಗೂ ಬಾರದ ಕಾರಣ ಬಾಯಿ ಮುಚ್ಚಿಕೊಂಡರು.

ಡಾಕ್ಟರು ಓದಿ, "ಬರೆದಿಟ್ಟುಕೊಳ್ಳುತ್ತೀರಾ?" ಎಂದು ಕೇಳಿದ. ಬರೆದದ್ದನ್ನು ಓದಲು ಯಾವ ಹೆಂಗಸೂ ಸಾಕು. ನಾನೇಕೆ.

ಮನೆಯಲ್ಲಿ ಕೊಂಕಣಿ, ಬೀಡಿ ಕಟ್ಟುವಲ್ಲಿ ತುಳು, ಆಫೀಸಿಗೆ ಹೋದರೆ ಮಲಯಾಳ. ಬರೆಯಲು ಕೈಗೆ ಬರುವುದು ಮಾತ್ರ ಆ ಐದು ಕ್ಲಾಸಿನ ಕನ್ನಡ. ಸಾಕು, ಕೈ ನೋಯುತ್ತಿದೆ.

ಜನವರಿ 21, ಬುಧವಾರ

ಬೆಕ್ಕು ಮೀನಿಗೆ ಬಾಯಿ ಹಾಕಿತು. ಬೈಯಲು ಆಗಲಿಲ್ಲ. ಚಪ್ಪಾಳೆ ತಟ್ಟಿದೆ. ಅದು ನನ್ನ ಮುಖ ನೋಡಿಕೊಂಡೇ ತಿಂದಿತು.

ಜನವರಿ 23, ಶುಕ್ರವಾರ

ಮೊಮ್ಮಗಳು ಶಾಲೆಟ್‌ನ ರೋಸ್ ಫೆಬ್ರವರಿ ಹತ್ತಕ್ಕೆ, ಮರುದಿನ ಇಗರ್ಜಿಯಲ್ಲಿ ಮದುವೆ. ಊರವರ ಮಕ್ಕಳಿಗೆಲ್ಲ ಹಾಡಿದವಳು ಸ್ವಂತ ಮೊಮ್ಮಗಳ ರೋಸಿಗೆ ಮೂಕಿ. ಗಂಟಿನ ಆಪರೇಷನ್ ಮದುವೆ ಕಳೆದು ಮಾಡಿಸುವ ಎಂದು ನಾನು ಹೇಳಿದ್ದೆ. ಮಗ ಡೀನ್ ಕೇಳಲಿಲ್ಲ. ಅವನಿಗೆ ಎಲ್ಲದಕ್ಕೂ ಅವಸರ. ಕುಂಬಳೆಯಲ್ಲಿ ಅವನದು ಟೈಲ್ಸ್ ಅಂಗಡಿ; ಅಲ್ಲಿ ಗಿರಾಕಿ ಬಣ್ಣ ಆರಿಸುವ ಮೊದಲೇ ಇವನು ಗಾಡಿಗೆ ತುಂಬಿಸಿರುತ್ತಾನೆ.

ಇವತ್ತು ಜೂಲಿಯೆಟ್‌ಳ ತಮ್ಮ ಅಲ್ರಾಯ್ ಬಂದಿದ್ದ. ಮದುವೆಗಳಿಗೆ ಸೌಂಡು, ಲೈಟು, ಮೈಕಿನಲ್ಲಿ ಮಾತಾಡುವುದು ಎಲ್ಲ ಅವನೇ. ನಾನು ಹಾಡದಿದ್ದರೆ ಏನು ಮಾಡುವುದು ಎಂದು ಒಳಗೆ ಇವರ ಮೀಟಿಂಗ್ ಆಯಿತು. ನನ್ನನ್ನು ಕರೆಯಲಿಲ್ಲ. ಮಾತಾಡಲಾಗದವಳಿಗೆ ಕಿವಿಯೂ ಇಲ್ಲವೆಂದು ಇವರ ಲೆಕ್ಕ. ಅಲ್ರಾಯ್ ಎಐಯಲ್ಲಿ ವೊವಿಯೊ ಮಾಡಿಸುತ್ತಾನಂತೆ. ನೆಂಟರ ಹೆಸರಿನ ಪಟ್ಟಿ ಕೊಟ್ಟರೆ ಸಾಕಂತೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೂವತ್ತು ವೊವಿಯೊ ಬರುತ್ತವಂತೆ. ಶಾಲೆಟ್‌ನ ಗೆಳತಿಯರು ನೋಡಿಕೊಂಡು ಹಾಡುತ್ತಾರಂತೆ.

ನಾನು ಸ್ಲೇಟು ತೆಗೆದುಕೊಂಡು ಹೋಗಿ ನಡುವೆ ನಿಂತೆ. "ಯಂತ್ರಕ್ಕೆ ಅತ್ತೆ ಯಾರು, ಸೊಸೆ ಯಾರು?" ಎಂದು ಬರೆದೆ.

ಅಲ್ರಾಯ್ ನಕ್ಕ. "ಆಂಟಿ, ಅದಕ್ಕೆ ನಿಮ್ಮನ್ನೇ ಕಲಿಸ್ತೇನೆ. ನಿಮ್ಮ ಹಾಡಿದ್ದು ನನ್ನ ಹತ್ರ ಹದಿನಾಲ್ಕು ರೋಸಿನದ್ದು ಉಂಟು. ಎಲ್ಲ ವಿಡಿಯೋದಲ್ಲಿ. ಅದನ್ನು ಬರೆಸಿ ಒಳಗೆ ಹಾಕಿದ್ರೆ ನಿಮ್ಮ ಹಾಗೇ ಕಟ್ತದೆ."

ಹದಿನಾಲ್ಕು ರೋಸು. ನನ್ನನ್ನು ಕೇಳಿದ್ದು ಯಾರು?

ಸ್ಲೇಟಿನಲ್ಲಿ ಜಾಗ ಇರಲಿಲ್ಲ. ಒರೆಸುವಷ್ಟರಲ್ಲಿ ಅವರು ಊಟದ ಲೆಕ್ಕಕ್ಕೆ ದಾಟಿಯಾಗಿತ್ತು.

ಜನವರಿ 26, ಸೋಮವಾರ

ದಮಯಂತಿ ಬಂದಳು. ಮೂರನೇ ಮನೆಯವಳು. ಇಪ್ಪತ್ತು ವರ್ಷ ಒಂದೇ ಚಾಪೆಯಲ್ಲಿ ಕೂತು ಬೀಡಿ ಕಟ್ಟಿದವರು ನಾವು. ಅವಳು ತುಳುವಿನಲ್ಲಿ ಮಾತಾಡುವುದು, ನಾನು ಸ್ಲೇಟಿನಲ್ಲಿ ಕನ್ನಡದಲ್ಲಿ ಜಗಳ ಮಾಡುವುದು. ಅವಳಿಗೆ ಕನ್ನಡಕ ಇಲ್ಲದೆ ಓದಲಾಗುವುದಿಲ್ಲ. ಕನ್ನಡಕ ತಂದಿರಲಿಲ್ಲ. ಆದ್ದರಿಂದ ಅರ್ಧ ಗಂಟೆ ಅವಳದೇ ರಾಜ್ಯ.

ಅಲ್ರಾಯ್‌ನ ವಿಷಯ ಅವಳಿಗೆ ಜೂಲಿಯೆಟ್ ಹೇಳಿದ್ದಾಳೆ. ದಮಯಂತಿಯ ತಮ್ಮ ಪ್ರೇಮನಾಥನ ಅರುವತ್ತಕ್ಕೆ ಮಕ್ಕಳು ಯಂತ್ರದಿಂದ ಹಾಡು ಮಾಡಿಸಿದ್ದರಂತೆ. ಕೇಳಿ ಎಲ್ಲರೂ ಅತ್ತರಂತೆ, ಪ್ರೇಮನಾಥನೂ ಅತ್ತನಂತೆ. ಆಮೇಲೆ ಎರಡನೇ ಸಲ ಹಾಕಿದಾಗ ಯಾರೂ ತಲೆ ಎತ್ತಲಿಲ್ಲವಂತೆ, ಪಾಯಸದ ಕಡೆಗೆ ಹೋದರಂತೆ.

ನನ್ನದನ್ನು ಕದ್ದಿದ್ದಾನೆ ಎಂದು ಕೈಯಲ್ಲಿ ತೋರಿಸಿದೆ. ಕದಿಯುವುದನ್ನು ಕೈಯಲ್ಲಿ ತೋರಿಸುವುದು ಸುಲಭ, ಅವಳಿಗೆ ಕೂಡಲೇ ತಿಳಿಯಿತು.

"ನೀನು ಎಂತ ಹುಟ್ಟುವಾಗಲೇ ಕಲ್ತು ಬಂದದ್ದಾ ಮಾರಾಯ್ತಿ? ನಿನ್ನ ಚಿಕ್ಕಮ್ಮ ಹಾಡಿದ್ದನ್ನು ನೀನು ಎತ್ತಿದ್ದಲ್ವಾ? ಬೀಡಿಗೆ ನೂಲು ಸುತ್ತುವಾಗ ನಾನು ಹೇಳಿದ ಪದವನ್ನೂ ತಗೊಂಡು ಹೋಗಿ ನಿಮ್ಮವರ ಮದುವೆಯಲ್ಲಿ ಹಾಡಿದ್ದಿ. ನಾನು ಕೇಳಿದ್ದೇನಾ?"

ಹೌದು, ತೆಗೆದುಕೊಂಡಿದ್ದೇನೆ. ಆದರೆ ಚಿಕ್ಕಮ್ಮನ ಹಿಂದೆ ಹದಿನಾರು ವರ್ಷ ಕೂತು ಎತ್ತಿಕೊಂಡಿದ್ದೇನೆ. ತಪ್ಪಿದರೆ ತೊಡೆಗೆ ಚಿವುಟುತ್ತಿದ್ದಳು. ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಮಕ್ಕಳಾಗಲಿಲ್ಲ, ಯಾರ ಮುಂದೆ ಯಾವ ಮಾತು ಬೇಡ ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಯಂತ್ರದ ತೊಡೆಗೆ ಯಾರು ಚಿವುಟುತ್ತಾರೆ?

ಇದನ್ನು ಅವಳಿಗೆ ಹೇಳಬೇಕಿತ್ತು. ಇಲ್ಲಿ ಬರೆದು ಯಾರಿಗೆ ಪ್ರಯೋಜನ.

ಜನವರಿ 29, ಗುರುವಾರ

ಡೀನ್ ಆಮಂತ್ರಣ ಹಂಚಿ ಮುಗಿಸಿದ. ಪಟ್ಟಿ ಮೇಜಿನ ಮೇಲಿತ್ತು. ನೋಡಿದೆ. ರೆಜಿನಾಲ್ಡ್ ಮತ್ತು ಕುಟುಂಬ, ಕಾರಡ್ಕ.

ನನ್ನ ತಮ್ಮ. ಹನ್ನೊಂದು ವರ್ಷದಿಂದ ಅವನು ಈ ಮನೆಯ ಮೆಟ್ಟಿಲು ತುಳಿದಿಲ್ಲ, ನಾನು ಅವನ ಮನೆಯದ್ದು ತುಳಿದಿಲ್ಲ. ಅವನ ದೊಡ್ಡ ಮಗಳ ರೋಸಿಗೆ ನಾನು ಒಂದು ಸತ್ಯ ಹೇಳಿದೆ, ಅವನಿಗೆ ಅದು ಆಗಲಿಲ್ಲ. ಅಷ್ಟೇ ವಿಷಯ. ಸತ್ಯ ಕೇಳಲಾಗದವನು ವೊವಿಯೊ ಹಾಡುವಲ್ಲಿ ಕುಳಿತುಕೊಳ್ಳಬಾರದು.

ನನಗೆ ಹೇಳದೆ ಕರೆದದ್ದು ಏಕೆ ಎಂದು ಬರೆದು ಡೀನ್‌ನ ಮುಖದ ಮುಂದೆ ಹಿಡಿದೆ. "ಹೇಳಿದ್ರೆ ನೀವು ಬೇಡ ಅಂತೀರಿ, ಅದಕ್ಕೆ" ಎಂದ. ಮಾತು ಬರುತ್ತಿದ್ದರೆ ಈ ಧೈರ್ಯ ಅವನಿಗೆ ಬರುತ್ತಿರಲಿಲ್ಲ.

ಜನವರಿ 31, ಶನಿವಾರ

ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು ಎಂದರು. ಮೊದಲ ಮಾತು ಏನಾಡಬೇಕು ಎಂದು ಎಷ್ಟೋ ಯೋಚಿಸಿಟ್ಟಿದ್ದೆ. ಬಾಯಿ ತೆರೆದರೆ ಬಾಗಿಲ ಕೀಲಿನ ಶಬ್ದ ಬಂತು. ಜೂಲಿಯೆಟ್ ಅತ್ತ ತಿರುಗಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನೋಡಲಿಲ್ಲ. ಉಳಿದ ಒಂಬತ್ತು ನಿಮಿಷ ಹಾಗೇ ಬಿಟ್ಟೆ.

ಫೆಬ್ರವರಿ 3, ಮಂಗಳವಾರ

ವೊವಿಯೊ ಬಂದವು. ಮೂವತ್ತೊಂದು. ಅಲ್ರಾಯ್ ದಪ್ಪ ಕಾಗದದಲ್ಲಿ ಪ್ರಿಂಟ್ ಮಾಡಿಸಿ ತಂದಿದ್ದ. ಮೇಲೆ ಹೂವಿನ ಚಿತ್ರ, ಕೆಳಗೆ ಅವನ ಫೋನ್ ನಂಬರು. ಮೊದಲ ಪ್ರತಿ ನನಗೇ ಕೊಟ್ಟ. ಪೆನ್ಸಿಲನ್ನೂ ಕೊಟ್ಟ. "ಆಂಟಿ, ನೀವು ನೋಡಿ ಸರಿ ಇಲ್ಲದ್ದಕ್ಕೆ ಗೀಟು ಹಾಕಿ. ನೀವು ಓಕೆ ಅಂದ್ರೇ ಹುಡುಗಿಯರಿಗೆ ಕೊಡುದು" ಎಂದ. ಆ ಹುಡುಗನಿಗೆ ಮರ್ಯಾದೆ ಗೊತ್ತು, ಅದನ್ನು ಇಲ್ಲ ಎನ್ನಲಾರೆ.

ಹಿತ್ತಿಲ ಜಗಲಿಯಲ್ಲಿ ಕೂತು ಓದಿದೆ. ಕೊಂಕಣಿ ಕನ್ನಡ ಅಕ್ಷರದಲ್ಲೇ ಇತ್ತು. ಮೊದಲನೆಯದು ಶಿಲುಬೆಯ ಗುರುತಿನದು, ಸರಿಯಾಗಿಯೇ ಇದೆ. ನಾಲ್ಕನೆಯದು ಚಿಕ್ಕಮ್ಮನ ಧಾಟಿ. ಏಳನೆಯದು ಜೂಲಿಯೆಟ್‌ಳ ಮೇಲೆ. ಮಗಳಿಗೆ ಜಡೆ ಹಾಕಿದ ಬೆರಳಿಗೆ ನಾಳೆಯಿಂದ ಕೆಲಸ ಇಲ್ಲ ಎಂಬ ಅರ್ಥದ್ದು. ಎರಡು ಸಲ ಓದಿದೆ. ಚೆನ್ನಾಗಿದೆ. ನನಗೆ ಹೊಳೆಯುತ್ತಿರಲಿಲ್ಲ. ಬೆರಳಿಲ್ಲದ್ದಕ್ಕೆ ಬೆರಳಿನ ಸುದ್ದಿ ಹೇಗೆ ಗೊತ್ತಾಯಿತು? ನನ್ನ ಹದಿನಾಲ್ಕು ರೋಸುಗಳಲ್ಲಿ ಎಲ್ಲೋ ಒಂದು ಜಡೆ ಇದ್ದಿರಬೇಕು.

ಉಳಿದದ್ದೆಲ್ಲ ಬೆಲ್ಲ. ಎಲ್ಲರೂ ಒಳ್ಳೆಯವರು, ಎಲ್ಲರೂ ಪ್ರೀತಿಯವರು. ಡೀನ್‌ನನ್ನು ಶಾಂತ ಸ್ವಭಾವದ ತಂದೆ ಎಂದಿದೆ. ಗಂಡಿನ ಕಡೆಯವರನ್ನು ಒಂದು ಮಾತೂ ಕುಟುಕಿಲ್ಲ. ಕುಟುಕದಿದ್ದರೆ ಅವರು ಬಂದದ್ದು ಏಕೆ? ಎಂಟು, ಹದಿಮೂರು, ಇಪ್ಪತ್ತೆರಡಕ್ಕೆ ಗೀಟು ಹಾಕಿದೆ. ಹದಿಮೂರರಲ್ಲಿ ಡೈವೋರ್ಸ್ ಆದ ಹುಡುಗಿಯನ್ನು ಗಂಡನ ಜತೆ ಬಾ ಎಂದು ಕರೆದಿತ್ತು.

ಹತ್ತೊಂಬತ್ತು ರೆಜಿನಾಲ್ಡ್‌ನದು. ಕನ್ನಡದಲ್ಲಿ ಪ್ರಾಸ ಕೂಡುವುದಿಲ್ಲ, ಅರ್ಥ ಬರೆಯುತ್ತೇನೆ.

ದೂರ ದೇಶದಿಂದ ಅಜ್ಜ ಬಂದ, ಹೆಗಲ ಮೇಲೆ ಪ್ರೀತಿ ತಂದ,
ಅಮ್ಮನನ್ನು ಹೊರುವ ದಿನ ಆ ಹೆಗಲು ಎಲ್ಲಿತ್ತು?

ಕಾಗದ ಕೆಳಗಿಟ್ಟೆ. ಎದ್ದು ನೀರು ಕುಡಿದೆ. ಮತ್ತೆ ಬಂದು ಓದಿದೆ.

ಎರಡನೇ ಸಾಲು ನನ್ನದು. ಅಕ್ಷರವೂ ಬದಲಾಗಿಲ್ಲ. ಮೊದಲನೆಯದು ನಾನು ಹಾಡಿದ್ದು ಹೀಗಿತ್ತು: ಗಲ್ಫಿನಿಂದ ತಮ್ಮ ಬಂದ, ಮೂರು ಪೆಟ್ಟಿಗೆ ಹೊತ್ತು ತಂದ. ಅಮ್ಮ ತೀರಿದಾಗ ಶವದ ಪೆಟ್ಟಿಗೆಗೆ ಹೆಗಲು ಕೊಡಲು ಅವನು ಬರಲಿಲ್ಲ. ಮೂರು ವರ್ಷ ಕಳೆದು ಮಗಳ ಮದುವೆಗೆ ಬಂದ. ಆ ರೋಸಿನ ಹಾಡು ಕೂಡ ಅಲ್ರಾಯ್‌ನ ಹದಿನಾಲ್ಕರಲ್ಲಿ ಇದ್ದಿರಬೇಕು. ಯಂತ್ರ ಅದನ್ನು ಎತ್ತಿ, ಮೇಲಿನಿಂದ ಬೆಲ್ಲ ಸುರಿದು ಕೊಟ್ಟಿದೆ. ಓದಿದವರಿಗೆ ಅಮ್ಮನನ್ನು ಹೊರುವುದೆಂದರೆ ಏನೋ ಸೇವೆ ಮಾಡುವುದು ಎಂದು ತೋರಬಹುದು. ಗೊತ್ತಿದ್ದವರಿಗೆ ಗೊತ್ತು.

ಪೆನ್ಸಿಲು ಕೈಯಲ್ಲೇ ಇತ್ತು.

ಫೆಬ್ರವರಿ 4, ಬುಧವಾರ

ಕಾಗದ ಕೊಟ್ಟೆ. ಮೂರಕ್ಕೆ ಮಾತ್ರ ಗೀಟು; ಅವುಗಳ ಬದಲಿಗೆ ಬೇರೆ ಮಾಡಿಸಿ ಅದೇ ಜಾಗಕ್ಕೆ ಹಾಕುತ್ತಾನಂತೆ. ಹತ್ತೊಂಬತ್ತು ಹಾಗೇ ಇರಲಿ. ನಾನು ಬರೆದದ್ದಲ್ಲ, ಯಂತ್ರ ಬರೆದದ್ದು.

ಫೆಬ್ರವರಿ 5, ಗುರುವಾರ

ಶಾಲೆಟ್‌ನ ಗೆಳತಿಯರು ಅಭ್ಯಾಸಕ್ಕೆ ಬಂದರು. ನಾಲ್ವರು. ಸ್ವರ ಚೆನ್ನಾಗಿದೆ, ನನ್ನದಕ್ಕಿಂತ ಚೆನ್ನಾಗಿದೆ. ಆದರೆ ಮೂವತ್ತೊಂದು ಮುಗಿಯುವವರೆಗೆ ಒಬ್ಬಳೂ ಕಾಗದದಿಂದ ತಲೆ ಎತ್ತಲಿಲ್ಲ. ಎದುರು ಯಾರು ನಿಂತರೂ ಅವರಿಗೆ ಒಂದೇ. ಒಬ್ಬಳನ್ನು ಕರೆದು, ನೀನು ಒಂದು ಕಟ್ಟು ನೋಡುವ, ನಿನ್ನ ಗೆಳತಿಯ ಮೇಲೆ, ಎರಡೇ ಸಾಲು ಎಂದು ಕೀಲಿನ ಸ್ವರದಲ್ಲಿ ಹೇಳಿದೆ. ಅವಳು ಹೆದರಿದಳು. "ತಪ್ಪಾದ್ರೆ, ಗ್ರ್ಯಾನಿ? ಇದು ಉಂಟಲ್ಲ" ಎಂದು ಕಾಗದ ತೋರಿಸಿದಳು.

ತಪ್ಪದೆ ಯಾರು ಕಲಿತರು? ನನ್ನ ಮೊದಲ ವೊವಿಗೆ ಹೆಂಗಸರೆಲ್ಲ ಬಿದ್ದು ನಕ್ಕರು. ಮದುಮಗನ ಹೆಸರನ್ನೇ ಬದಲಿಸಿ ಹಾಡಿದ್ದೆ. ಇವರಿಗೆ ನಾಚಿಕೆಪಡುವ ಅಗತ್ಯವೇ ಇಲ್ಲ. ಚಹಾ ಕುಡಿಯುವಷ್ಟರಲ್ಲಿ ಮೂವತ್ತು ಬರುತ್ತವೆ. ಹತ್ತು ವರ್ಷ ಕಳೆದರೆ ಈ ಊರಿನಲ್ಲಿ ಎರಡು ಸಾಲು ಕಟ್ಟಿ ಬೈಸಿಕೊಳ್ಳುವ ಹುಡುಗಿ ಒಬ್ಬಳೂ ಉಳಿಯುವುದಿಲ್ಲ.

ಹತ್ತೊಂಬತ್ತನ್ನೂ ಹಾಡಿದರು. ನಗುತ್ತಾ ಹಾಡಿದರು. ನಾನು ಎದ್ದು ಕೋಳಿಗೆ ಅಕ್ಕಿ ಹಾಕಲು ಹೋದೆ. ಕೋಳಿಗಳಿಗೆ ಆಗಲೇ ಹಾಕಿಯಾಗಿತ್ತು.

ಫೆಬ್ರವರಿ 9, ಸೋಮವಾರ

ರೆಜಿನಾಲ್ಡ್ ಬರುತ್ತಾನಂತೆ. ಡೀನ್‌ಗೆ ಫೋನು ಮಾಡಿ ಹೇಳಿದನಂತೆ. ನಾನು ಅವನು ಬರುವುದಿಲ್ಲ ಎಂದೇ ತಿಳಿದಿದ್ದೆ.

ಇನ್ನೂ ಒಂದು ದಿನ ಇದೆ. ಹುಡುಗಿಯರ ಕಾಗದ ನಾಲ್ಕೇ. ಗೀಟು ಹಾಕಲು ಒಂದು ನಿಮಿಷ ಸಾಕು. ಆದರೆ ಏಕೆ ಎಂದು ಅಲ್ರಾಯ್ ಕೇಳಿದರೆ?

ಕೇಳಲಿ. ಕೇಳದಿರಲಿ. ಇರಲಿ ಬಿಡು.

ಫೆಬ್ರವರಿ 12, ಗುರುವಾರ

ಮದುವೆ ಮುಗಿಯಿತು. ಎರಡು ದಿನ ಈ ಡೈರಿಯನ್ನು ಮುಟ್ಟಲಿಲ್ಲ. ಈಗ ಬರೆಯುತ್ತೇನೆ, ಬರೆಯದೆ ಕೂರಲೂ ಆಗುವುದಿಲ್ಲ, ಮಲಗಲೂ ಆಗುವುದಿಲ್ಲ.

ಮಂಗಳವಾರ ಸಂಜೆ ಚಪ್ಪರ ತುಂಬಿತ್ತು. ಶಾಲೆಟ್ ಮಣೆಯ ಮೇಲೆ, ಹಳೇ ಸೀರೆಯಲ್ಲಿ. ನನಗೆ ತೆಂಗಿನ ಹಾಲಿನ ಬೋಗುಣಿಯ ಪಕ್ಕದಲ್ಲಿ ದೊಡ್ಡ ಕುರ್ಚಿ. ಹುಡುಗಿಯರ ಮುಂದೆ ಮೈಕು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಏಳನೆಯದಕ್ಕೆ ಜೂಲಿಯೆಟ್ ಅತ್ತಳು, ಶಾಲೆಟ್ ಅತ್ತಳು, ನನ್ನ ಕಣ್ಣೂ ಒದ್ದೆಯಾಯಿತು. ಯಂತ್ರದ ಹಾಡಿಗೆ ಅತ್ತೆನಲ್ಲ ಎಂದು ಆಮೇಲೆ ಸಿಟ್ಟು ಬಂತು.

ಹತ್ತೊಂಬತ್ತನೆಯವನಾಗಿ ರೆಜಿನಾಲ್ಡ್‌ನ ಹೆಸರು ಕರೆದರು. ಚಪ್ಪರದ ಕೊನೆಯ ಸಾಲಿನಿಂದ ಎದ್ದು ಬಂದ. ನನಗೆ ಗುರುತು ಸಿಗಲಿಲ್ಲ. ಮನಸ್ಸಿನಲ್ಲಿ ಇನ್ನೂ ಅವನು ಕರಿ ಮೀಸೆಯವನು. ಬಂದವನು ಸಪೂರ ಮುದುಕ. ಬಲಗೈ ಮೇಲೆ ಹೋಗುವುದಿಲ್ಲ. ಎಡಗೈಯಿಂದ ಬಲಗೈಯ ಮೊಣಕೈ ಎತ್ತಿ ಹಿಡಿದು ಹಾಲಿಗೆ ಬೆರಳು ಅದ್ದಿದ. ನನ್ನ ಪಕ್ಕದಲ್ಲಿದ್ದ ಹೆಂಗಸು ಕಿವಿಯಲ್ಲಿ ಹೇಳಿದಳು, ಗೋಡೌನಿನಲ್ಲಿ ಇಪ್ಪತ್ತಾರು ವರ್ಷ ಮೂಟೆ ಹೊತ್ತು ಹೆಗಲು ಸವೆದಿದೆ, ಎರಡು ಆಪರೇಷನ್ ಆದರೂ ಸರಿಯಾಗಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನನಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹುಡುಗಿಯರು ಮೊದಲ ಸಾಲು ಎತ್ತಿದರು. ನಾನು ಕೈ ಎತ್ತಿದೆ. ನಿಲ್ಲಿಸಿ ಎಂದೆ. ಹೇಳಿದೆ ಎಂದೇ ತಿಳಿದೆ. ಗಂಟಲಿನಿಂದ ಗಾಳಿ ಬಂತು. ಅಷ್ಟು ದೊಡ್ಡ ಸ್ಪೀಕರಿನ ಮುಂದೆ ಅದು ಯಾರಿಗೆ ಕೇಳುತ್ತದೆ. ಆ ಹುಡುಗಿಯರು ಕಾಗದದಿಂದ ತಲೆ ಎತ್ತಿದ್ದರೆ ನನ್ನ ಕೈ ಕಾಣುತ್ತಿತ್ತು.

ಅಮ್ಮನನ್ನು ಹೊರುವ ದಿನ ಆ ಹೆಗಲು ಎಲ್ಲಿತ್ತು? ಒಮ್ಮೆ ಹೇಳಿದರು. ಎತ್ತಿಕೊಳ್ಳುವವರು ಎತ್ತಿಕೊಂಡರು. ಎರಡು ಸಲ. ಆಮೇಲೆ ಮುಂದಿನ ಸಾಲಿನ ಹಿರಿಯರು ಹಾಡುವುದನ್ನು ನಿಲ್ಲಿಸಿದರು. ಹಿಂದಿನವರು ಚಪ್ಪಾಳೆ ತಟ್ಟುತ್ತಲೇ ಇದ್ದರು.

ರೆಜಿನಾಲ್ಡ್ ಮೊಣಕೈ ಹಿಡಿದುಕೊಂಡೇ ಶಾಲೆಟ್‌ನ ಹಣೆಗೆ ಶಿಲುಬೆ ಹಾಕಿದ. ಒಂದು ಗೆರೆ ಮೇಲಿನಿಂದ ಕೆಳಗೆ, ಒಂದು ಅಡ್ಡ. ನಂತರ ನನ್ನ ಕುರ್ಚಿಯ ಎದುರು ನಿಂತ. ನಾನು ಅವನ ಅಂಗಿಯ ಗುಂಡಿಯನ್ನೇ ನೋಡುತ್ತಾ ಕುಳಿತೆ.

"ಬಾಯ್, ಗಂಟಲು ಹೇಗುಂಟು ಈಗ?" ಎಂದು ಕೇಳಿದ. ಅಕ್ಕನನ್ನು ನಾವು ಬಾಯ್ ಎನ್ನುವುದು. ಹನ್ನೊಂದು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ನಾನು ತಲೆ ಆಡಿಸಿದೆ. ಅವನು ಊಟಕ್ಕೆ ನಿಲ್ಲಲಿಲ್ಲ.

ಫೆಬ್ರವರಿ 14, ಶನಿವಾರ

ಅಲ್ರಾಯ್ ಬಂದು ನನ್ನ ಕಾಲ ಬುಡದಲ್ಲೇ ಕುಳಿತ. ಮುಖ ಬಿಳುಚಿತ್ತು. ಹಿರಿಯರು ಯಾರೋ ಅವನಿಗೆ ಅರ್ಥ ಬಿಡಿಸಿ ಹೇಳಿದ್ದಾರೆ.

"ಆಂಟಿ, ನನ್ನಿಂದ ತಪ್ಪಾಯ್ತು. ಅದು ಎಐದು ಮಿಸ್ಟೇಕ್. ಹಳೇ ವಿಡಿಯೋದ್ದು ಎಂತೆಂತದೋ ಕೂಡಿಸಿ ಹಾಕಿದೆ. ನೀವು ಆಪರೇಷನ್ ಆದವರು, ನಿಮ್ಮ ಕಣ್ಣಿಗೂ ಬೀಳ್ಲಿಲ್ಲ. ರೆಜಿನಾಲ್ಡ್ ಅಂಕಲ್‌ಗೆ ನಾನೇ ಹೋಗಿ ಹೇಳಿ ಬಂದೆ."

ಅವನು ಏನು ಹೇಳಿದ ಎಂದು ಕೇಳಿದೆ.

"ಯಂತ್ರ ಅಲ್ವಾ ಮಾರಾಯ, ಅದಕ್ಕೆ ಎಂತ ಗೊತ್ತು, ಬಿಡು ಅಂದ್ರು."

ಅಲ್ರಾಯ್ ಕಣ್ಣು ಒರೆಸಿಕೊಂಡು ಹೋದ. ಇಗರ್ಜಿಯಲ್ಲೂ ಹಾಗೇ, ಅಂಗಡಿಯಲ್ಲೂ ಹಾಗೇ. ಯಂತ್ರಕ್ಕೆ ಬುದ್ಧಿ ಇಲ್ಲ, ಯಂತ್ರಕ್ಕೆ ಹೃದಯ ಇಲ್ಲ, ರೆಜಿನಾ ಆಂಟಿ ಹಾಡುತ್ತಿದ್ದರೆ ಹೀಗಾಗುತ್ತಿತ್ತೇ ಎಂದು ನನ್ನ ಹೆಸರು ಹಿಡಿದು ಎಲ್ಲರೂ ಹೇಳುತ್ತಿದ್ದಾರೆ. ಇದಕ್ಕಿಂತ ಚಪ್ಪಲಿಯಲ್ಲಿ ಹೊಡೆದಿದ್ದರೆ ಒಳ್ಳೆಯದಿತ್ತು.

ಅದು ಬುದ್ಧಿ ಇಲ್ಲದ ಸಾಲಲ್ಲ. ಬುದ್ಧಿ ಇದ್ದವಳು ಕಟ್ಟಿದ್ದು. ನಾನು ಕಟ್ಟಿದವುಗಳಲ್ಲಿ ಅದರಷ್ಟು ಬಿಗಿಯಾದದ್ದು ಇನ್ನೊಂದಿಲ್ಲ. ಆ ದಿನ ಹಾಡಿದಾಗ ಚಪ್ಪರ ಸ್ತಬ್ಧವಾಗಿತ್ತು, ನನ್ನೊಳಗೆ ಹಬ್ಬವಾಗಿತ್ತು.

ಫೆಬ್ರವರಿ 15, ಭಾನುವಾರ

ದಮಯಂತಿಗೆ ಹೇಳಿದೆ. ಹತ್ತು ನಿಮಿಷದ ಪಾಲಿನಲ್ಲಿ ಎಂಟು ನಿಮಿಷ ಖರ್ಚಾಯಿತು. ಹತ್ತೊಂಬತ್ತು ನನ್ನದೇ, ಕಾಗದದಲ್ಲಿ ನೋಡಿದ್ದೆ, ಪೆನ್ಸಿಲು ಕೈಯಲ್ಲಿತ್ತು, ಬಿಟ್ಟೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಅವಳು ಕೇಳಿದ್ದು ಒಂದೇ. "ಅಮ್ಮ ತೀರಿದಾಗ ಅವ ಯಾಕೆ ಬರ್ಲಿಲ್ಲ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿತ್ತು.

ಪಾಸ್‌ಪೋರ್ಟು ಅಲ್ಲಿ ಕೆಲಸ ಕೊಟ್ಟ ಮುದಲಾಳಿಯ ಕೈಯಲ್ಲಿತ್ತು. ಎರಡು ದಿನ ಆಫೀಸಿನ ಬಾಗಿಲಲ್ಲಿ ಕೂತಿದ್ದನಂತೆ, ಕೊಡಲಿಲ್ಲ. ಪೆಟ್ಟಿಗೆ ಮಣ್ಣಿಗೆ ಇಳಿಸುವ ಹೊತ್ತಿಗೆ ನನಗೇ ಫೋನು ಮಾಡಿದ್ದ. ಮಣ್ಣು ಹಾಕುವ ಶಬ್ದ ಕೇಳಿಸು ಬಾಯ್ ಎಂದಿದ್ದ. ನಾನು ಫೋನು ಹಿಡಿದಿದ್ದೆ.

ಮೂರು ವರ್ಷ ಕಳೆದು, ಅವನ ಮಗಳ ರೋಸಿಗೆ ಹೋದಾಗ, ಅವನು ಹೊಸ ಮನೆಗೆ ಟೈಲ್ಸ್ ಹಾಕಿಸಿದ್ದ. ನನ್ನನ್ನು ಎರಡನೇ ಸಾಲಿನಲ್ಲಿ ಕೂರಿಸಿದ. ಮೊದಲ ಸಾಲಿನಲ್ಲಿ ಹೆಂಡತಿಯ ಕಡೆಯವರು. ಅಷ್ಟಕ್ಕೇ ಆ ಸಾಲು ಬಾಯಿಗೆ ಬಂತು. ಪ್ರಾಸ ಕೂಡಿತು. ಪ್ರಾಸ ಕೂಡಿದ ಮೇಲೆ ನುಂಗುವುದು ನನ್ನಿಂದ ಆಗುವುದಿಲ್ಲ. ಆಗುತ್ತಿರಲಿಲ್ಲ.

ಇದನ್ನು ದಮಯಂತಿಗೆ ಹೇಳಲು ಎರಡು ನಿಮಿಷ ಸಾಲಲಿಲ್ಲ. ಆದರೂ ಹೇಳಿದೆ. ಸ್ವರ ಕೆಟ್ಟರೆ ಕೆಡಲಿ.

ಅವಳು ಹೋಗುವಾಗ ಒಂದು ಮಾತು ಹೇಳಿದಳು. "ಈಗ ಆ ಪಾಪದ ಯಂತ್ರ ನಿನ್ನ ಬದಲಿಗೆ ಬೈಸಿಕೊಳ್ತಾ ಉಂಟು. ಅದಕ್ಕೆ ಆಗ್ತದೆ, ಅದಕ್ಕೆ ಎಂತದೂ ತಾಗುದಿಲ್ಲ. ನಿನಗೆ ಆಗ್ತದಾ?"

ಫೆಬ್ರವರಿ 18, ಬುಧವಾರ

ಬೂದಿ ಬುಧವಾರ. ಹಣೆಗೆ ಬೂದಿ ಹಾಕಿಸಿಕೊಂಡು ಬಂದೆ. ಮುಖ ತೊಳೆಯಲಿಲ್ಲ. ಯಾರನ್ನೂ ಬೈಯಲಿಲ್ಲ. ಬೈಯಲು ಏನೂ ಸಿಗಲಿಲ್ಲ.

ಮಾರ್ಚ್ 5, ಗುರುವಾರ

ರೆಜಿನಾಲ್ಡ್‌ನ ಚಿಕ್ಕ ಮಗಳು ಲವಿಟಾಳ ಮದುವೆ ಗೊತ್ತಾಗಿದೆ. ಈಸ್ಟರ್ ಕಳೆದು, ಏಪ್ರಿಲ್ ಇಪ್ಪತ್ತೊಂದಕ್ಕೆ ರೋಸ್. ಡೀನ್‌ಗೆ ಫೋನು ಬಂತು. ನಮಗೆಲ್ಲ ಆಮಂತ್ರಣ ಇದೆಯಂತೆ, ನನಗೂ. ವೊವಿಯೊ ಅಲ್ರಾಯ್‌ನದೇ. ಬೇಡ ಅಂಕಲ್ ಎಂದು ಅಲ್ರಾಯ್ ಕೈ ಮುಗಿದನಂತೆ. ಏಪ್ರಿಲ್‌ಗೆ ರೆಜಿನಾ ಆಂಟಿಗೆ ಸ್ವರ ಬರುತ್ತದೆ, ಅವರನ್ನೇ ಕರೆಯಿರಿ ಎಂದನಂತೆ. ಅದಕ್ಕೆ ರೆಜಿನಾಲ್ಡ್ ಕೊಟ್ಟ ಉತ್ತರವನ್ನು ಡೀನ್ ನನಗೆ ಹೇಳಲು ತಯಾರಿರಲಿಲ್ಲ. ನಾನು ಅವನ ಊಟದ ತಟ್ಟೆಯನ್ನು ಹಿಡಿದುಕೊಂಡೇ ಕೂತೆ, ಹೇಳದೆ ಕೊಡುವುದಿಲ್ಲ ಎಂದು. ಕೊನೆಗೆ ಹೇಳಿದ.

"ಯಂತ್ರ ನೋಯಿಸಿದ್ರೆ ಗೊತ್ತಿಲ್ಲದೆ ನೋಯಿಸ್ತದೆ, ಅದನ್ನು ತಡ್ಕೊಳ್ಬಹುದು ಅಂದ್ರು."

ತಟ್ಟೆ ಕೊಟ್ಟೆ.

ಮಾರ್ಚ್ 6, ಶುಕ್ರವಾರ

ಎರಡು ಸಾಲು ಕಟ್ಟಲು ನೋಡಿದೆ. ಅವನ ಮೇಲೆ. ಒಳ್ಳೆಯದು. ಏನು ಕಟ್ಟಿದರೂ ಅಲ್ರಾಯ್‌ನ ಕಾಗದದ ಹಾಗೆ ಬೆಲ್ಲ. ದೂರದಿಂದ ಕಟ್ಟಿದರೆ ನನಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ನನಗೂ ಅವನ ಬಗ್ಗೆ ಏನು ಗೊತ್ತಿದೆ? ಹನ್ನೊಂದು ವರ್ಷದ ಹಿಂದಿನದ್ದು. ಯಂತ್ರಕ್ಕೂ ಅಷ್ಟೇ ಗೊತ್ತಿತ್ತು.

ಮೂರು ಹಾಳೆ ಹರಿದೆ.

ಮಾರ್ಚ್ 14, ಶನಿವಾರ

ಡಾಕ್ಟರು ನೋಡಿದ. ಗಾಯ ಮಾಗಿದೆ. ಏಪ್ರಿಲ್‌ನಿಂದ ಅರ್ಧ ಗಂಟೆ ಹಾಡಬಹುದು, ಮೊದಲಿನ ಸ್ವರ ಬರುತ್ತದೆ ಎಂದು ಹೇಳಲಾರೆ ಎಂದ. ಬಾರದಿದ್ದರೆ ಬೇಡ.

ರೆಜಿನಾಲ್ಡ್‌ಗೆ ಕಾಗದ ಬರೆಯುತ್ತೇನೆ. ಫೋನಿನಲ್ಲಿ ನನ್ನ ಕೀಲಿನ ಸ್ವರ ಕೇಳಿ ಅವನಿಗೆ ಪಾಪ ಎನಿಸುವುದು ಬೇಡ. ಅವನಿಗೆ ಕಳಿಸುವುದು ಕೊಂಕಣಿಯಲ್ಲಿ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಮತ್ತೆ ಹರಿಯಬಾರದು.

ರೆಜಿನಾಲ್ಡ್,

ಶಾಲೆಟ್‌ನ ರೋಸಿನ ಹತ್ತೊಂಬತ್ತನೇ ವೊವಿ ಯಂತ್ರದ್ದಲ್ಲ. ನನ್ನದು. ನಿನ್ನ ದೊಡ್ಡ ಮಗಳ ರೋಸಿಗೆ ನಾನು ಹಾಡಿದ್ದೇ ಅದು, ನಿನಗೆ ಗೊತ್ತಿಲ್ಲದ್ದೇನಲ್ಲ. ನಿನಗೆ ಗೊತ್ತಿಲ್ಲದ್ದು ಇದು: ಒಂದು ವಾರ ಮೊದಲು ಕಾಗದ ನನ್ನ ಕೈಗೆ ಬಂದಿತ್ತು. ಬೇರೆ ಮೂರಕ್ಕೆ ಗೀಟು ಹಾಕಿದೆ. ಅದಕ್ಕೆ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಅಲ್ರಾಯ್ ನಿನ್ನ ಮನೆಗೆ ಬಂದು ಕೇಳಿದ ಕ್ಷಮೆ ಅವನು ಕೇಳಬೇಕಾದದ್ದಲ್ಲ. ಅದನ್ನು ಅವನಿಗೆ ಹಿಂದೆ ಕೊಡು. ಆ ಹುಡುಗ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಜೂಲಿಯೆಟ್ ಹೇಳುತ್ತಾಳೆ.

ಪಾಸ್‌ಪೋರ್ಟಿನ ವಿಷಯ ಮೊದಲ ಸಲ ಹಾಡುವಾಗಲೂ ನನಗೆ ಗೊತ್ತಿತ್ತು. ಫೋನು ಹಿಡಿದವಳು ನಾನೇ. ನಿನ್ನ ಹೆಗಲಿನ ವಿಷಯ ಗೊತ್ತಿರಲಿಲ್ಲ. ಗೊತ್ತಿರುತ್ತಿದ್ದರೆ ಗೀಟು ಹಾಕುತ್ತಿದ್ದೆನೋ ಏನೋ, ಸುಳ್ಳು ಬರೆಯಲಾರೆ.

ಯಂತ್ರ ನೋಯಿಸಿದರೆ ತಡೆದುಕೊಳ್ಳಬಹುದು ಎಂದೆಯಂತೆ. ತಡೆದುಕೊಳ್ಳಬಹುದು, ಸರಿ. ಆದರೆ ಯಂತ್ರದ ಹತ್ತಿರ ನೀನು ಜವಾಬು ಕೇಳಲಾರೆ. ನನ್ನ ಹತ್ತಿರ ಕೇಳಬಹುದು. ಹನ್ನೊಂದು ವರ್ಷ ನೀನು ಕೇಳಲಿಲ್ಲ, ಅದೂ ನಿನ್ನ ತಪ್ಪೇ.

ಲವಿಟಾಳ ರೋಸಿಗೆ ನಾನು ಹಾಡುತ್ತೇನೆ. ಸ್ವರ ಹೋಗಿದೆ, ಕೇಳಲು ಚೆನ್ನಾಗಿರುವುದಿಲ್ಲ. ನಿನ್ನ ಮೇಲೆ ಏನು ಹಾಡುತ್ತೇನೆಂದು ಈಗ ಹೇಳಲಾರೆ, ಕಟ್ಟಿಲ್ಲ. ನೀನು ಎದುರು ಬಂದು ನಿಂತ ಮೇಲೆ ಮುಖ ನೋಡಿ ಕಟ್ಟುವುದು. ಹೆದರಿಕೆ ಇದ್ದರೆ ಹಾಗೆಂದು ಬರೆ. ಯಂತ್ರವೇ ಇರಲಿ ಎಂದರೆ ಅದನ್ನೂ ಬರೆ. ನಾನು ಬಂದು ಹಾಲು ಹಚ್ಚಿ, ಉಂಡು ಹೋಗುತ್ತೇನೆ, ಮುಖ ಸಿಂಡರಿಸುವುದಿಲ್ಲ. ಆದರೆ ಅದಕ್ಕೆ ಮೈಕು ಕೊಟ್ಟು ನನ್ನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಬೇಡ. ಎರಡರಲ್ಲಿ ಒಂದು.

ಡೀನ್‌ನ ಹತ್ತಿರ ಹೇಳಿ ಕಳಿಸಬೇಡ. ಅಲ್ರಾಯ್‌ನ ಹತ್ತಿರವೂ ಬೇಡ. ನೀನೇ ಬರೆ, ಇಲ್ಲವೇ ನೀನೇ ಫೋನು ಮಾಡು. ಮಾರ್ಚ್ ಇಪ್ಪತ್ತೊಂಬತ್ತು ಗರಿಗಳ ಭಾನುವಾರ. ಆ ದಿನ ಸಂಜೆಯೊಳಗೆ ನನಗೆ ಉತ್ತರ ಬೇಕು, ಹೌದೋ ಅಲ್ಲವೋ.